ಬರಹಗಳಿಗೆ ಆಹ್ವಾನ, ವಿಷಯ: ಅತಿಥಿ

ವಿದ್ಯಾರ್ಥಿನಿಯರ ವಸತಿನಿಲಯ, ಇರ್ಬಿದ್
ನವೆಂಬರ್ ತಿಂಗಳ ಕೊನೆಯ ಸೋಮವಾರ

ನನ್ನ ಪ್ರೀತಿಯ ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ. ಯಾರಿಗೂ ಏನೂ ಆಗಿಲ್ಲ, ನನಗೆ ಜ್ವರವಿಲ್ಲ, ಊಟ ಮಾಡಿದ್ದೇನೆ. ಲಕೋಟೆ ಕಂಡ ಕೂಡಲೇ ನಿನ್ನ ಎದೆ ಹೊಡೆದುಕೊಳ್ಳುತ್ತದೆಂದು ಗೊತ್ತು. ಆ ಎದೆಯನ್ನೇ ಅಲ್ಲವೇ ನೀನು ನನಗೂ ಕೊಟ್ಟಿರುವುದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಲ್ಲಿ ನೀನು ನಡುನಡುವೆ ಪ್ರಶ್ನೆ ಕೇಳುತ್ತೀಯ, ನಾನು ಗಾಬರಿಯಾಗಿ ಕೊನೆಯದನ್ನು ಮೊದಲು ಹೇಳಿ ಮೊದಲಿನದನ್ನು ನುಂಗಿಬಿಡುತ್ತೇನೆ. ಹಾಸ್ಟೆಲ್ ಶಾಲೆಯಲ್ಲಿ ಭಾನುವಾರ ಮನೆಗೆ ಕಾಗದ ಬರೆದು ಮುಗಿಸದೆ ಆಟಕ್ಕೆ ಬಿಡುತ್ತಿರಲಿಲ್ಲ. ಆಗ ಶಪಿಸುತ್ತಿದ್ದೆ. ಈಗ ನೋಡಿದರೆ ನನಗೆ ನೆಟ್ಟಗೆ ಮಾತಾಡಲು ಬರುವುದು ಕಾಗದದ ಮೇಲೆ ಮಾತ್ರ.

ಸಂಗತಿ ಏನೆಂದರೆ, ನನ್ನ ಬರಹವೊಂದು ಅಚ್ಚಾಗುತ್ತಿದೆ. ಅಮ್ಮಾನ್ ನಗರದ ಒಂದು ಸಣ್ಣ ತ್ರೈಮಾಸಿಕ ಪತ್ರಿಕೆಯಲ್ಲಿ, ನನ್ನದೇ ಹೆಸರಿನಲ್ಲಿ. ಅದು ನಿನ್ನ ತಮ್ಮ ನಾಯೆಫ್ ಮಾವ ಮತ್ತು ಫದ್ವಾ ಅತ್ತೆಯ ಬಗ್ಗೆ. ಕಳೆದ ವಾರವೆಲ್ಲ ನಾನು, ಈ ಬರಹ ಉಳಿಸಿಕೊಂಡರೆ ಅತ್ತೆಯ ಮರ್ಯಾದೆ ಹೋಗುತ್ತದೆ, ಅತ್ತೆಯ ಮರ್ಯಾದೆ ಉಳಿಸಿದರೆ ಬರಹ ಹೋಗುತ್ತದೆ ಎಂದು ಹಾಸಿಗೆಯ ಅಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಈಗ ಎರಡೂ ಉಳಿದಿವೆ. ಹೇಗೆ ಎಂದು ಹೇಳುತ್ತೇನೆ.

ನಾನು ಬಿಡುವಾದಾಗಲೆಲ್ಲ ಏನು ಮಾಡುತ್ತೇನೆಂದು ನೀನು ಕೇಳುತ್ತಿದ್ದೆ, ನಾನು ಓದುತ್ತೇನೆ ಎನ್ನುತ್ತಿದ್ದೆ. ಓದುತ್ತಿದ್ದುದು ‘ಬರಹಗಳಿಗೆ ಆಹ್ವಾನ’ಗಳನ್ನು. ಯಾವ ಪತ್ರಿಕೆ ಯಾವ ವಿಷಯಕ್ಕೆ ಕವಿತೆ ಕೇಳಿದೆ, ಯಾವುದು ಗದ್ಯ ಕೇಳಿದೆ, ಎಂದಿನೊಳಗೆ ಕಳಿಸಬೇಕು, ಇದನ್ನು ಹುಡುಕುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತಿತ್ತು. ಸುಮ್ಮನೆ ‘ಏನಾದರೂ ಬರೆ’ ಎಂದರೆ ನನಗೆ ಕೈಕಾಲು ಆಡುವುದಿಲ್ಲಮ್ಮ. ಯಾರಾದರೂ ‘ಉಪ್ಪು’ ಎಂದು ಹೇಳಲಿ, ‘ಬಾಗಿಲು’ ಎಂದು ಹೇಳಲಿ, ಆಗ ಒಂದು ದಾರಿ ಕಾಣುತ್ತದೆ. ಕೋಣೆಯ ಗೆಳತಿ ಸಿರೀನ್‌ಗೆ ಇದೊಂದು ತಮಾಷೆ. ಝರ್ಕಾದ ಹುಡುಗಿ, ನಾಲಿಗೆಗೆ ಕಡಿವಾಣವಿಲ್ಲ. ‘ಈ ವಾರ ಏನು ಕೇಳಿದಾರೆ ನಿನ್ನ ದೊರೆಗಳು? ಕತ್ತೆ ಬಗ್ಗೆ ಕೇಳಿದ್ರೆ ಹೇಳು, ನಮ್ಮ ಚಿಕ್ಕಪ್ಪನ್ನ ಪರಿಚಯ ಮಾಡಿಸ್ತೀನಿ’ ಎನ್ನುತ್ತಾಳೆ.

ಆದರೆ ನನ್ನಂಥ ಅರ್ಧ ಇಂಗ್ಲಿಷ್ ಹುಡುಗಿಗೆ ಸಿಗುವ ವಿಷಯಗಳೆಲ್ಲ ಒಂದೇ ಥರ. ‘ಗಡಿ’, ‘ಬೇರು’, ‘ಎರಡು ನಾಡು’. ಗಡಿಯ ಬಗ್ಗೆ ಕವಿತೆ ಕಳಿಸಿದೆ, ವಾಪಸು ಬಂತು. ಬೇರಿನ ಬಗ್ಗೆ ಕಳಿಸಿದೆ, ಅದೂ ಬಂತು. ನಿಜ ಹೇಳಬೇಕೆಂದರೆ ನನಗೆ ಗಡಿಯ ಬಗ್ಗೆ ಹೇಳಲು ಏನೂ ಇರಲಿಲ್ಲ. ವಿಮಾನದಲ್ಲಿ ನಿದ್ದೆ ಮಾಡಿಕೊಂಡೇ ದಾಟಿದವಳು ನಾನು. ಆಮೇಲೆ ಅಕ್ಟೋಬರಿನಲ್ಲಿ ಈ ತ್ರೈಮಾಸಿಕದ ಆಹ್ವಾನ ಕಣ್ಣಿಗೆ ಬಿತ್ತು. ವಿಷಯ ‘ಅತಿಥಿ’. ಕವಿತೆಯಾದರೂ ಸರಿ, ನಡೆದದ್ದನ್ನು ಬರೆದ ಗದ್ಯವಾದರೂ ಸರಿ. ಓದಿದ ಕ್ಷಣವೇ ಮಾವನ ಮನೆಯ ಅಡುಗೆಮನೆ ಕಣ್ಣಮುಂದೆ ಬಂತು.

ಈಗ ನಿನಗೊಂದು ಗುಟ್ಟು ಹೇಳಬೇಕು. ಹೇಳಲು ಅತ್ತೆಯ ಅನುಮತಿ ಇದೆ. ಮೂರು ಬೇಸಿಗೆಯ ಹಿಂದೆ ನಾವು ಅಜ್ಲೂನಿಗೆ, ಮಾವನ ಮನೆಗೆ ಬಂದಾಗ ನೀನು ಅತ್ತೆಯ ಮನ್ಸಫ್ ತಿಂದು, ಆ ಕುರಿಮಾಂಸದ ಅನ್ನಕ್ಕೆ ಹಾಕುವ ಒಣಮೊಸರಿನ ಸಾರು ಇಷ್ಟು ನುಣ್ಣಗೆ ಹೇಗೆ ಬರುತ್ತದೆ, ನನ್ನದು ಒಡೆದೇ ಹೋಗುತ್ತದೆ ಎಂದು ಮತ್ತೆ ಮತ್ತೆ ಕೇಳಿದ್ದೆಯಲ್ಲ. ಅತ್ತೆ ನಕ್ಕು ಸುಮ್ಮನಾಗಿದ್ದರು. ಅದನ್ನು ಮಾಡಿದ್ದು ಅತ್ತೆಯಲ್ಲ. ನಿನ್ನ ತಮ್ಮ.

ಆ ಮನೆಯಲ್ಲಿ ಅತಿಥಿಗಳು ಬರುವ ದಿನ ಅಡುಗೆಮನೆಗೆ ಒಳಗಿಂದ ಚಿಲಕ. ‘ಫದ್ವಾಗೆ ಅಡುಗೆ ಮಾಡೋವಾಗ ಯಾರೂ ನೋಡ್ಬಾರದು, ಕಣ್ಣು ಬೀಳುತ್ತೆ’ ಎಂದು ಊರೆಲ್ಲ ನಂಬಿದೆ. ನಾನು ಅಕ್ಟೋಬರಿನಲ್ಲಿ ಹೋಗಿದ್ದಾಗ ಹಿತ್ತಲಲ್ಲಿ ಬಟ್ಟೆ ಒಣಹಾಕಿ, ಗೊತ್ತಿಲ್ಲದೆ ಹಿಂಬಾಗಿಲಿಂದ ಒಳಗೆ ಬಂದೆ. ಸೈನ್ಯದಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದ, ಮೀಸೆ ತಿರುವುವ ನಮ್ಮ ಮಾವ ಹೂವಿನ ಏಪ್ರನ್ ಕಟ್ಟಿಕೊಂಡು, ದೊಡ್ಡ ಹಂಡೆಯಲ್ಲಿ ಮರದ ಸೌಟು ಆಡಿಸುತ್ತಿದ್ದರು. ಅತ್ತೆ ಮಣೆಯ ಮೇಲೆ ಕೂತು, ‘ಒಂದೇ ಕಡೆಗೆ ತಿರುಗಿಸು ಅಬು ಘೈತ್, ಲಾರಿ ಸ್ಟಿಯರಿಂಗ್ ಅಲ್ಲ ಅದು’ ಎನ್ನುತ್ತಿದ್ದರು, ಎಂದಿನಂತೆ ಘೈತ್‌ನ ಅಪ್ಪ ಎಂದೇ ಕರೆದು. ಅತ್ತೆಯ ಬೆರಳುಗಳು ಸಂಧಿವಾತದಿಂದ ಒಳಕ್ಕೆ ಮಡಚಿಕೊಂಡಿವೆ. ಎಷ್ಟೋ ವರ್ಷಗಳಿಂದ ಅವರಿಗೆ ಸೌಟು ಹಿಡಿಯಲು ಆಗುವುದಿಲ್ಲ. ಹೊರಗೆ ಯಾವಾಗಲೂ ತೋಳು ಉದ್ದದ ನಿಲುವಂಗಿ. ಕೈ ಯಾರಿಗೂ ಕಾಣುವುದಿಲ್ಲ.

ಯಾರಿಗೂ ಹೇಳಬೇಡ ಎಂದು ಅವರು ನನಗೆ ಹೇಳಲಿಲ್ಲ. ಮಾವ ಎದ್ದುಹೋಗಿ ಹಿಂಬಾಗಿಲಿಗೂ ಚಿಲಕ ಹಾಕಿ ಬಂದರು, ಅಷ್ಟೆ. ಅರ್ಥಮಾಡಿಕೊಳ್ಳಬೇಕಾದವಳು ನಾನು.

ನಾನು ಬರೆದೆ. ಬಂದವರು ಉಂಡು, ಅತ್ತೆಯ ಕೈರುಚಿಯನ್ನು ಹೊಗಳಿ ಹೋಗುತ್ತಾರೆ, ಆ ಮನೆಯ ನಿಜವಾದ ಊಟ ನಡೆಯುವುದು ಚಿಲಕದ ಹಿಂದೆ ಎಂದು ಬರೆದೆ. ಹೆಸರು ಬದಲಾಯಿಸಿದ್ದೆ. ಆದರೆ ಆ ಇಳಿಜಾರು, ಮನೆಯ ಮುಂದಿನ ಓಕ್ ಮರ, ಸಾರ್ಜೆಂಟಿನ ಮೀಸೆ, ಇಷ್ಟು ಸಾಕು ಊರಿನವರಿಗೆ. ಹಾಗಾದರೆ ಯಾಕೆ ಕಳಿಸಿದೆ ಎಂದು ನೀನು ಕೇಳುತ್ತೀಯ. ಹೇಗೂ ತಿರಸ್ಕಾರ ಬರುತ್ತದೆ ಎಂಬ ಧೈರ್ಯದಿಂದ ಕಳಿಸಿದೆ. ಅಲ್ಲಿಯವರೆಗೆ ಎಲ್ಲ ಪತ್ರಿಕೆಯವರೂ ನನ್ನನ್ನು ಹಾಗೆಯೇ ಕಾಪಾಡಿದ್ದರು.

ಇವರು ಕಾಪಾಡಲಿಲ್ಲ. ಸಂಪಾದಕಿಯ ಉತ್ತರ ಬಂದಾಗ ಸಿರೀನ್ ನನ್ನನ್ನು ತಬ್ಬಿಕೊಂಡು ಕೋಣೆಯಲ್ಲಿ ಕುಣಿದಳು. ನಾನು ಅದನ್ನು ಮತ್ತೆ ಮೊದಲಿಂದ ಓದಿದೆ. ‘ನಮಗೆ ಬಹಳ ಇಷ್ಟವಾಯಿತು. ನಡೆದದ್ದನ್ನು ಬರೆದಿದ್ದೀರಿ, ಹಾಗಾಗಿ ಬರಹದಲ್ಲಿರುವವರ ಒಪ್ಪಿಗೆ ಬೇಕು. ಭಾನುವಾರದೊಳಗೆ ತಿಳಿಸಿ, ಇಲ್ಲವಾದರೆ ಆ ಪುಟಕ್ಕೆ ಬೇರೆಯದನ್ನು ಹಾಕುತ್ತೇವೆ’ ಎಂದು ಬರೆದಿದ್ದರು. ಸಿರೀನ್ ಹೇಳಿದ್ದು ಸರಳವಾಗಿತ್ತು. ‘ಒಪ್ಪಿದಾರೆ ಅಂತ ಬರ್ದು ಹಾಕು. ಅಜ್ಲೂನಿನ ಹಳ್ಳೀಲಿ ಯಾರು ಓದ್ತಾರೆ ಇದನ್ನ?’ ನಾನು ಹಾಗೆ ಬರೆಯಲು ಕೂತೆ ಕೂಡ. ಬೆರಳು ಓಡಲಿಲ್ಲ. ಅತ್ತೆ ಓದದಿದ್ದರೂ ನಾನು ಓದಿರುತ್ತೇನಲ್ಲ.

ಶುಕ್ರವಾರ ಮಿನಿಬಸ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ಅಭ್ಯಾಸ ಮಾಡಿದೆ. ಪಕ್ಕದ ಹೆಂಗಸು ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು ತನ್ನ ಸೊಸೆಯ ಹೆರಿಗೆಗೂ ಒಂದು ಮಾತು ಸೇರಿಸು ಎಂದರು.

ಮನೆಯಲ್ಲಿ ನೋಡಿದರೆ ಅತಿಥಿಗಳು. ಆಲಿವ್ ಕೊಯ್ಲು ಮುಗಿದಿತ್ತು, ಹೊಸ ಎಣ್ಣೆ ಬಂದಿತ್ತು. ಅದನ್ನು ನೆಪ ಮಾಡಿಕೊಂಡು ಪಕ್ಕದ ಮನೆಯ ಹಾಜಿ ಮಿಫ್ಲೆಹ್ ತಮ್ಮ ಅಳಿಯಂದಿರ ಜೊತೆ ಊಟಕ್ಕೆ ಬಂದಿದ್ದರು. ಅತ್ತೆ ಪರದೆಯ ಹಿಂದೆ. ನನ್ನನ್ನು ಕಂಡದ್ದೇ ಮಾವ, ‘ಬಾ ಖಾಲೊ, ಬಾ, ಹಾಸ್ಟೆಲ್‌ನವರು ನಿನ್ನ ಒಣಗಿಸ್ಬಿಟ್ಟಿದಾರೆ’ ಎಂದು ದಿವಾನದ ಮೇಲೆ ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ಸೋದರಮಾವನನ್ನು ಕರೆಯುವ ಹೆಸರಿನಿಂದಲೇ ಅವರು ನನ್ನನ್ನು ಕರೆಯುವುದು ನನಗೆ ಈಗಲೂ ವಿಚಿತ್ರ ಅನಿಸುತ್ತದೆ, ಇಷ್ಟವೂ ಆಗುತ್ತದೆ.

ಮಾವ ಹಿಡಿಯಿಲ್ಲದ ಆ ಪುಟ್ಟ ಕಪ್ಪಿಗೆ ಕಹಿ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟು, ಎದುರಿಗೇ ನಿಂತರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಸಂಪಾದಕಿಯೇ ಇರಬೇಕು ಎನಿಸಿತು. ಕೈ ಬೆವರಿತ್ತು, ಕಪ್ಪು ಬಿಸಿಯಿತ್ತು. ಚೆಲ್ಲಿಬಿಡುತ್ತೇನೆಂದು ಹೆದರಿ ತುಟಿಗೆ ಸೋಕಿಸದೆ ಕಪ್ಪನ್ನು ಮುಂದಿನ ಮೇಜಿನ ಮೇಲಿಟ್ಟೆ.

ಹಾಜಿ ಮಿಫ್ಲೆಹ್ ತಮ್ಮ ಜಪಮಣಿ ಎಣಿಸುವುದನ್ನು ನಿಲ್ಲಿಸಿ ಕಪ್ಪನ್ನೇ ನೋಡಿದರು. ಅಳಿಯಂದಿರು ನೆಟ್ಟಗೆ ಕೂತರು, ಯಾರೋ ತೀರಿಹೋದ ಸುದ್ದಿ ಬಂದಿದೆ ಎಂದುಕೊಂಡೆ. ಮಾವನ ಮುಖ ಗಂಭೀರವಾಯಿತು. ಕಾಫಿಯ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದರು, ‘ಕಾಫಿ ಕುಡಿ, ಖಾಲೊ. ಏನು ಕೇಳೋಕೆ ಬಂದಿದೀಯೋ, ಅದು ಕೊಟ್ಟಾಯ್ತು.’

ಅಮ್ಮ, ನೀನು ನನಗೆ ಇದನ್ನು ಯಾಕೆ ಹೇಳಿಕೊಟ್ಟಿಲ್ಲ? ಆ ಇಂಗ್ಲಿಷ್ ಹಾಸ್ಟೆಲ್ ಶಾಲೆಯವರು ಯಾವ ಚಮಚ ಯಾವುದಕ್ಕೆ ಎಂದು ವರ್ಷಗಟ್ಟಲೆ ಕಲಿಸಿದರು, ನೀನು ಇದೊಂದನ್ನು ಹೇಳಬಾರದಿತ್ತೇ? ಕಾಫಿ ಮುಟ್ಟದೆ ಕೆಳಗಿಟ್ಟರೆ ಬೇಡಿಕೆ ಇದೆ ಎಂದರ್ಥ, ಅದು ಈಡೇರುವವರೆಗೆ ಈ ಮನೆಯ ಕಾಫಿ ಕುಡಿಯುವುದಿಲ್ಲ ಎಂದರ್ಥ, ಮನೆಯ ಯಜಮಾನ ಏನು ಎತ್ತ ಎಂದು ಕೇಳದೆಯೇ ಮಾತು ಕೊಡುವುದು ದೊಡ್ಡತನ ಎಂದು ನನಗೆ ಹೇಳಿದವರು ಹಾಜಿ ಮಿಫ್ಲೆಹ್, ಅದೂ ನಾನು ಗಾಬರಿಯಲ್ಲಿ ಕಾಫಿಯನ್ನು ಗುಟುಕ್ಕನೆ ನುಂಗಿ ನಾಲಿಗೆ ಸುಟ್ಟುಕೊಂಡ ಮೇಲೆ. ಹೆಣ್ಣು ಕೇಳಲು ಬಂದ ಹಿರಿಯರು ಹೀಗೆ ಮಾಡುತ್ತಾರಂತೆ, ಕೊಲೆ ಜಗಳ ಬಗೆಹರಿಸಲು ಬಂದವರು ಮಾಡುತ್ತಾರಂತೆ. ಹುಡುಗಿಯೊಬ್ಬಳು ಮಾಡಿದ್ದನ್ನು ಅವರು ನೋಡಿರಲಿಲ್ಲವಂತೆ. ‘ಆದ್ರೂ ಕಪ್ ಕಪ್ಪೇ’ ಎಂದರು.

ಆಮೇಲೆ ಶುರುವಾಯಿತು. ಒಬ್ಬ ಅಳಿಯ, ‘ಹುಡುಗ ಯಾರು ಅಂತ ಹೇಳು ಮಗಳೇ, ನಮ್ಮವನಾ, ಇಂಗ್ಲಿಷಿನವನಾ?’ ಎಂದ. ಇನ್ನೊಬ್ಬ, ‘ಹುಡುಗ ಅಲ್ಲ ಬಿಡಪ್ಪ, ಕಾರು. ಈಗಿನ ಮಕ್ಕಳು ಕಾರೇ ಕೇಳೋದು. ಅಬು ಘೈತ್, ಆಲಿವ್ ತೋಟ ಮಾರು’ ಎಂದ. ನಾನು ಕಿವಿಯವರೆಗೂ ಕೆಂಪಾಗಿ, ಆಮೇಲೆ ಒಳಗೆ ಹೇಳುತ್ತೇನೆ ಎಂದೆ. ಅವರ ಮುಂದೆ ಹೇಗೆ ಹೇಳಲಿ? ಬಾಯಿ ಬಿಟ್ಟರೆ ಗುಟ್ಟು ಅಲ್ಲೇ ಬಯಲಾಗುತ್ತಿತ್ತು. ಹಾಜಿ ಮಾತ್ರ ಮಾವನಿಗೆ ಬೆರಳು ತೋರಿಸಿ ಹೇಳಿದರು, ‘ಒಳಗೆ ಕೇಳಲಿ, ಹೊರಗೆ ಕೇಳಲಿ, ಮಾತು ಮಾತೇ. ನಾವು ಸಾಕ್ಷಿ.’

ಮನ್ಸಫ್ ಬಂತು. ಎಲ್ಲರೂ ತಟ್ಟೆಯ ಸುತ್ತ ನೆರೆದು ಉಂಡರು. ಉಂಡು, ಪರದೆಯ ಹಿಂದಿದ್ದ ಅತ್ತೆಯ ಕಡೆ ತಿರುಗಿ, ನಿನಗೆ ಗೊತ್ತೇ ಇರುವ ಆ ಮಾತನ್ನು ಹೇಳಿದರು, ‘ಉಮ್ಮ್ ಘೈತ್, ನಿಮ್ಮ ಕೈಗಳು ಕ್ಷೇಮವಾಗಿರಲಿ.’ ಅಷ್ಟಕ್ಕೇ ಮುಗಿಯಲಿಲ್ಲ. ಹಾಜಿ ಮಿಫ್ಲೆಹ್, ಮೊಮ್ಮಗಳ ಮದುವೆ ಬಂತು, ಆ ದಿನ ಉಮ್ಮ್ ಘೈತ್ ನಮ್ಮ ಅಂಗಳಕ್ಕೇ ಬಂದು ಎಲ್ಲರೆದುರು ಹಂಡೆಗೆ ಕೈ ಹಾಕಿ ಶುಭಮಾಡಬೇಕು, ಇಲ್ಲ ಅನ್ನಬಾರದು ಎಂದರು. ಮಾವ, ‘ನೋಡೋಣ, ದೇವರ ಇಚ್ಛೆ’ ಎಂದು ಅನ್ನದ ಕಡೆ ನೋಡಿದರು.

ಅವರೆಲ್ಲ ಹೋದ ಮೇಲೆ ಅಡುಗೆಮನೆ. ಮಾವ ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ‘ಈಗ ಹೇಳು. ಯಾರವನು?’ ಎಂದರು. ಹುಡುಗನಲ್ಲ ಖಾಲೊ, ಪತ್ರಿಕೆ ಎಂದೆ. ಎಲ್ಲ ಹೇಳಿದೆ. ಮಾವನ ಮೊದಲ ಪ್ರಶ್ನೆ, ‘ಅಚ್ಚು ಹಾಕೋದಾ? ಕಾಗದದಲ್ಲಾ?’ ಎಂದು. ಆಮೇಲೆ ನಲ್ಲಿ ನಿಲ್ಲಿಸಿ, ‘ಆಗಲ್ಲ’ ಎಂದರು. ಸಿಟ್ಟಿನಿಂದಲ್ಲ. ಊರಲ್ಲಿ ಅತ್ತೆಗೆ ಇರುವ ಹೆಸರು ಅದೊಂದೇ, ಅದನ್ನು ಹೇಗೆ ಕಿತ್ತುಕೊಳ್ಳಲಿ ಎಂದು ಮೆಲ್ಲಗೆ ಹೇಳಿದರು.

ನಾನು ಒಡನೆ, ವಾಪಸು ತಗೋತೀನಿ, ಇವತ್ತೇ ಬರೆದು ಕಳಿಸ್ತೀನಿ ಎಂದೆ. ಕಾಫಿ ಕಪ್ಪಿನ ವಿಚಾರ ನನಗೆ ಗೊತ್ತಿರಲಿಲ್ಲ, ಆ ಮಾತಿಗೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ ಎಂದೂ ಹೇಳಿದೆ. ಹೇಳಿದ ಮೇಲೆ ನಿಜವಾಗಿಯೂ ಹಗುರವಾಯಿತಮ್ಮ. ಆ ಪುಟ ಹೋದರೂ ನಾನು ಬದುಕಿರುತ್ತೇನೆ ಎಂದು ಅನಿಸಿದ್ದು ಅದೇ ಮೊದಲು.

ಆದರೆ ಮಣೆಯ ಮೇಲಿದ್ದ ಅತ್ತೆ, ‘ಓದು’ ಎಂದರು.

ಓದಿದೆ. ನನ್ನ ಅರಬ್ಬಿ ಉಚ್ಚಾರಕ್ಕೆ ಸಿರೀನ್ ನಗುವಂತೆ ಅವರು ನಗಲಿಲ್ಲ. ಮುಗಿದ ಮೇಲೆ ಅತ್ತೆ ತೋಳು ಮೇಲಕ್ಕೆ ಸರಿಸಿ, ಆ ಮಡಚಿದ ಬೆರಳುಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡರು. ‘ಪ್ರತಿ ಶುಕ್ರವಾರ ಈ ಕೈಗಳಿಗೆ ಆಶೀರ್ವಾದ ಮಾಡ್ತಾರೆ. ನಂಗೆ ಪ್ರತಿ ಸಲ ಬೇರೆಯವರ ಉಡುಗೊರೆ ಬಿಚ್ಚಿದ ಹಾಗೆ ಆಗುತ್ತೆ. ಈಗ ಮದುವೆಗೆ ಬೇರೆ ಕರೀತಿದಾರೆ. ಅಲ್ಲಿ ಯಾವ ಬಾಗಿಲಿಗೆ ಚಿಲಕ ಹಾಕ್ತೀಯ, ಅಬು ಘೈತ್?’

ಮಾವ, ‘ನಾನು ಮಾಡಿದ್ದೆಲ್ಲ ನಿನಗೋಸ್ಕರ’ ಎಂದರು.

‘ಅರ್ಧ ನನಗೋಸ್ಕರ. ಇನ್ನರ್ಧ ನಿನ್ನ ಪಲ್ಟನ್ನಿನವರು ನಗ್ತಾರೆ ಅಂತ.’

ಮಾವ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತರು. ಅತ್ತೆ ಬಿಡಲಿಲ್ಲ. ‘ಈ ಹುಡುಗಿ ಕಪ್ ಕೆಳಗಿಟ್ಟಾಗ ಏನಂದೆ?’

‘ಅವಳಿಗೆ ಅದರ ಅರ್ಥ ಗೊತ್ತಿರ್ಲಿಲ್ಲ.’

‘ನಿನಗೆ ಗೊತ್ತಿತ್ತಲ್ಲ.’

ಅಮ್ಮ, ನಿನ್ನ ತಮ್ಮ ಸೋತಾಗ ಹೇಗೆ ಕಾಣುತ್ತಾರೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಮೀಸೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಿಟಕಿಯ ಆಚೆ ಬಹಳ ಮುಖ್ಯವಾದದ್ದೇನೋ ನಡೆಯುತ್ತಿದೆ ಎಂಬಂತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ‘ಅದರಲ್ಲಿ ಏಪ್ರನ್ ಇದೆಯಲ್ಲ’ ಎಂದರು. ಇದೆ ಎಂದೆ. ‘ಹೂವಿಂದು ಅಂತ ಬರ್ದಿದೀಯ.’ ಹೌದು ಎಂದೆ. ‘ತೆಗಿ.’ ಅತ್ತೆ ಏಪ್ರನ್ ಇರಲೇಬೇಕೆಂದು ಹಟ ಹಿಡಿದರು. ಕೊನೆಗೆ ಏಪ್ರನ್ ಉಳಿಯಿತು, ಹೂ ಹೋಯಿತು. ಅತ್ತೆಯದೂ ಒಂದು ಷರತ್ತು. ಉಪ್ಪು ಈಗಲೂ ಅವರದೇ ಕೈಯಿಂದ ಬೀಳುವುದು, ಅದನ್ನು ನಾನು ಬಿಟ್ಟಿದ್ದೆ. ಸೇರಿಸಿದೆ. ಬರಹ ಚೆನ್ನಾಯಿತು, ಸುಳ್ಳು ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪತ್ರಿಕೆಯಲ್ಲಿ ಓದಿ ತಿಳಿಯುವುದಕ್ಕಿಂತ ತಮ್ಮ ಬಾಯಿಂದಲೇ ತಿಳಿಯಲಿ ಎಂದು ಹಾಜಿ ಮಿಫ್ಲೆಹ್ ಮನೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು, ಯಾಕೆಂದು ಗೊತ್ತಿಲ್ಲ, ಬಹುಶಃ ಸಾಕ್ಷಿಗೆ. ಮದುವೆಗೆ ಹಂಡೆ ನಾನು ನೋಡಿಕೊಳ್ಳುತ್ತೇನೆ, ಉಮ್ಮ್ ಘೈತ್ ಪಕ್ಕದಲ್ಲಿ ಕೂತು ಹೇಳುತ್ತಾಳೆ, ಇಷ್ಟು ವರ್ಷವೂ ಹೀಗೇ ನಡೆದಿರುವುದು ಎಂದು ಮಾವ ಒಂದೇ ಉಸಿರಿಗೆ, ಮೇಲಧಿಕಾರಿಗೆ ವರದಿ ಒಪ್ಪಿಸುವ ಧಾಟಿಯಲ್ಲಿ ಹೇಳಿ ಮುಗಿಸಿದರು. ಹಾಜಿ ಮಾವನ ಮೀಸೆಯನ್ನೇ ನೋಡಿದರು. ಈಗ ನಗುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ, ‘ಹಾಗಾದ್ರೆ ಎಷ್ಟು ಕುರಿ ಬೇಕು ಅಂತ ಉಮ್ಮ್ ಘೈತ್‌ನ ಬಿಟ್ಟು ನಿನ್ನನ್ನ ಕೇಳ್ಬೇಕಾ?’ ಮಾವ, ಅವಳನ್ನೇ ಕೇಳಬೇಕು ಎಂದರು. ‘ನಾನೂ ಅವಳನ್ನೇ ಕೇಳೋದು’ ಎಂದೂ ಸೇರಿಸಿದರು. ಒಬ್ಬ ಅಳಿಯ ಮಾತ್ರ ಒಳಗೆ ಹೋಗಿ ನಕ್ಕು ಬಂದ. ಮುಖ ತೊಳೆದುಕೊಂಡು ಬಂದಿದ್ದ, ಆದರೂ ಗೊತ್ತಾಗುತ್ತಿತ್ತು. ಮಾವ ನೋಡಿಯೂ ನೋಡದಂತೆ ಕಾಫಿ ಕುಡಿದರು.

ದಾರಿಯಲ್ಲಿ ವಾಪಸು ಬರುವಾಗ ಮಾವ ಸಿಳ್ಳೆ ಹಾಕುತ್ತಿದ್ದರು.

ಅಂದೇ ಸಂಪಾದಕಿಗೆ, ಇಬ್ಬರೂ ಒಪ್ಪಿದ್ದಾರೆ, ಒಂದು ಹೂ ತೆಗೆದು ಒಂದು ಚಿಟಿಕೆ ಉಪ್ಪು ಹಾಕಿದ್ದೇನೆ ಎಂದು ಬರೆದೆ. ನನಗೆ ಸಿಗುವುದು ಪತ್ರಿಕೆಯ ಎರಡು ಪ್ರತಿ. ಒಂದು ನಿನಗೆ. ಅಪ್ಪನಿಗೆ ನೀನೇ ಓದಿ ಹೇಳು. ಅವರು, ಒಬ್ಬ ಗಂಡಸು ಅಡುಗೆ ಮಾಡಿದ್ದರಲ್ಲಿ ಸುದ್ದಿ ಏನಿದೆ ಎನ್ನುತ್ತಾರೆ, ಆಗ ಭಾನುವಾರದ ಹುರಿದ ಮಾಂಸ ಯಾರು ಮಾಡುವುದೆಂದು ನೆನಪಿಸು.

ನಿದ್ದೆ ಚೆನ್ನಾಗಿ ಬರುತ್ತಿದೆ. ಸಿರೀನ್ ಹೇಳುತ್ತಾಳೆ, ನಾನು ಗೊರಕೆ ಹೊಡೆಯುತ್ತೇನಂತೆ. ಇಷ್ಟು ದಿನ ಗೊರಕೆಗೂ ಭಯಪಡುತ್ತಿದ್ದೆನೇನೋ. ಅತ್ತೆಗೆ ಫೋನು ಮಾಡಿದಾಗ ಸಾರಿನ ಬಗ್ಗೆ ಈಗ ಧಾರಾಳವಾಗಿ ಕೇಳಬಹುದು. ಅವರು ಹೇಳುತ್ತಾರೆ, ಮಾವ ಹಿಂದಿನಿಂದ ತಿದ್ದುತ್ತಾರೆ.

ನಿನ್ನ ಕೈಗಳು ಕ್ಷೇಮವಾಗಿರಲಿ.

ನಿನ್ನ ಮಗಳು,
ರುಬಾ

ಮರೆತ ಮಾತು: ಕಾಗದ ಮಡಚುವಷ್ಟರಲ್ಲಿ ಮಾವನ ಫೋನು ಬಂತು. ಅತ್ತೆಗೆ ಕೇಳಿಸಬಾರದೆಂದು ಹಿತ್ತಲಿಂದ ಮಾಡಿದ್ದರು, ಕೋಳಿಗಳ ಸದ್ದು ಕೇಳಿಸುತ್ತಿತ್ತು. ‘ನೀನು ಆ ಆಹ್ವಾನ ಅಂತ ಹುಡುಕ್ತಿರ್ತೀಯಲ್ಲ, ಅದರಲ್ಲಿ ಹೆಂಡತಿಯ ಕೈಗಳ ಬಗ್ಗೆ ಯಾರಾದ್ರೂ ಕೇಳಿದಾರಾ?’ ಎಂದರು. ಸದ್ಯಕ್ಕೆ ಕಂಡಿಲ್ಲ, ಯಾರಿಗೆ ಖಾಲೊ ಎಂದೆ. ತಮಗಲ್ಲವಂತೆ, ಪಲ್ಟನ್ನಿನ ಸ್ನೇಹಿತನೊಬ್ಬನಿಗಂತೆ. ಅವನು ಮದುವೆಯಾದ ಹೊಸತರಿಂದ ಬರೆದಿಟ್ಟಿದ್ದಾನಂತೆ, ಕವಿತೆಗಳೇ ಅಂತೆ, ಬಹಳ ಇವೆಯಂತೆ. ‘ಸರಿಯಾಗಿ ಹುಡುಕು’ ಎಂದು ಹೇಳಿ ಫೋನಿಟ್ಟರು. ಹುಡುಕುತ್ತಿದ್ದೇನೆ.